ಮೊದಲು ಕುರ್ಚಿ ಸರಿಯಾಗಲಿ, ರಾಜಕೀಯ ಆಮೇಲೆ

ನಿವೃತ್ತರು ಒಟ್ಟಾಗಿ ಬಾಳುವ ವಸತಿ ಸಮುಚ್ಚಯಗಳಲ್ಲಿ ಚರ್ಚಾಕೂಟ ಶುರುವಾಗುವುದು ಸುಲಭ, ಉಳಿಯುವುದು ಕಷ್ಟ. ಮೊದಲ ವಾರ ಹಾಲ್ ತುಂಬುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಕರೆದವರೂ ಅವರ ಇಬ್ಬರು ಗೆಳೆಯರೂ ಉಳಿಯುತ್ತಾರೆ. ಯಾಕೆ ನಿಂತಿತು ಎಂದರೆ "ರಾಜಕೀಯ ತಂದರು, ಜಗಳವಾಯಿತು" ಎಂಬ ಸಿದ್ಧ ಉತ್ತರ ಸಿಗುತ್ತದೆ. ಆ ಉತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ. ಎಪ್ಪತ್ತು ದಾಟಿದವರು ಭಿನ್ನಾಭಿಪ್ರಾಯವನ್ನು ಜೀವನವಿಡೀ ಅರಗಿಸಿಕೊಂಡು ಬಂದವರು. ಅವರನ್ನು ಕೂಟದಿಂದ ಎಬ್ಬಿಸಿ ಕಳಿಸುವುದು ಕೇಳಿಸದ ಮಾತು, ನೋಯುವ ಬೆನ್ನು, ಮುಗಿಯದ ಭಾಷಣ. ಇದರ ಮೇಲೆ ರಾಜಕೀಯ, ಆರೋಗ್ಯ, ವಿಜ್ಞಾನ ಮೂರನ್ನೂ ಒಂದೇ ಹದದಲ್ಲಿ ಚರ್ಚಿಸಲು ಹೊರಟರೆ ಮೂರೂ ಕೆಡುತ್ತವೆ. ಅದಕ್ಕೇ ಮೊದಲು ಕೋಣೆಯ ಮಾತು.

ವಯಸ್ಸಾದಂತೆ ಕಿವಿಗೆ ಮೊದಲು ದೂರವಾಗುವುದು ಮೇಲಿನ ಆವರ್ತನದ ಸದ್ದುಗಳು. ಸ್ವರಗಳು ಕೆಳಗಿನ ಆವರ್ತನದಲ್ಲಿರುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಸುಳಿವು ಬಹುಪಾಲು 2000 ಹರ್ಟ್ಸ್‌ನ ಆಚೆಗಿದೆ. ಹೀಗಾಗಿ ದನಿ ಕೇಳುತ್ತದೆ, ಪದ ಕೇಳುವುದಿಲ್ಲ. 'ಸಾಲ' ಎಂದದ್ದು 'ಕಾಲ' ಆಗುತ್ತದೆ, 'ತಪ್ಪು' ಎಂದದ್ದು 'ಕಪ್ಪು' ಆಗುತ್ತದೆ. ಉತ್ತರವೂ ಅದಕ್ಕೆ ತಕ್ಕಂತೆ ಅಡ್ಡಾದಿಡ್ಡಿ ಬರುತ್ತದೆ. ಆಗ ಎದುರಿನವರು ಕೂಗುತ್ತಾರೆ. ಕೂಗಿದರೆ ಜೋರಾಗುವುದು ಹೆಚ್ಚಾಗಿ ಸ್ವರವೇ, ವ್ಯಂಜನ ಇದ್ದಲ್ಲೇ ಇರುತ್ತದೆ. ಜೊತೆಗೆ ಒಳಕಿವಿ ಸವೆದವರಿಗೆ ಮೆಲ್ಲನೆಯ ಸದ್ದು ಕೇಳಿಸದಿದ್ದರೂ ಜೋರು ಸದ್ದು ಬೇಗ ಅಸಹನೀಯವಾಗುತ್ತದೆ. ಕೂಗುವ ಮುಖ ಸಿಟ್ಟಿನ ಮುಖದಂತೆ ಕಾಣುವುದರಿಂದ, ಒಂದೇ ಪಕ್ಷಕ್ಕೆ ಮತ ಹಾಕುವ ಇಬ್ಬರೂ ಜಗಳವಾಡಿಕೊಂಡು ಎದ್ದುಹೋಗಬಹುದು. ನಿಧಾನವಾಗಿ, ಪದ ಬಿಡಿಸಿ, ಮುಖ ತೋರಿಸಿ ಮಾತಾಡುವುದೇ ಮದ್ದು. ಕೇಳಿಸದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಬೇಕು.

ಕೋಣೆಯನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ಖಾಲಿ ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಚಪ್ಪಾಳೆಗೆ ಬಾಲ ಬೆಳೆದರೆ ಆ ಕೋಣೆ ಚರ್ಚೆಗೆ ಆಗಿಬರುವುದಿಲ್ಲ. ತರಗತಿಗಳಿಗೆ ಶಿಫಾರಸು ಮಾಡುವ ಪ್ರತಿಧ್ವನಿಯ ಅವಧಿ, ಅಂದರೆ ಈ ಬಾಲ ಅಡಗಲು ಹಿಡಿಯುವ ಹೊತ್ತು, ಸುಮಾರು 0.6 ಸೆಕೆಂಡ್‌ಗಿಂತ ಕಡಿಮೆ. ಹಿರಿಯರಿಗೆ ಇದಕ್ಕಿಂತ ಹೆಚ್ಚಾಗಲೇಬಾರದು. ಹೊಳೆಯುವ ನೆಲ, ಗಾಜಿನ ಗೋಡೆ, ಎತ್ತರದ ಸೂರು ಮೂರೂ ಸೇರಿದ ಭವ್ಯ ಸಭಾಂಗಣ ಫೋಟೋಗೆ ಚೆನ್ನ, ಮಾತಿಗೆ ಕೆಟ್ಟದ್ದು. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟುಗಳಿರುವ ಗ್ರಂಥಾಲಯದ ಕೋಣೆ ಎಷ್ಟೋ ಮೇಲು. ಜಮಖಾನದ ಅಂಚು ಮಾತ್ರ ನೆಲಕ್ಕೆ ಅಂಟಿರಬೇಕು, ಇಲ್ಲದಿದ್ದರೆ ಯಾರಾದರೂ ಎಡವಿ ಬೀಳುವುದು ಖಂಡಿತ. ಮಾತು ಹಿನ್ನೆಲೆಯ ಗದ್ದಲಕ್ಕಿಂತ 15 ಡೆಸಿಬಲ್‌ನಷ್ಟಾದರೂ ಮೇಲಿರಬೇಕು. ಫ್ಯಾನ್, ಎಸಿ, ಮೂಲೆಯಲ್ಲಿ ಗುಂಯ್‌ಗುಡುವ ಫ್ರಿಜ್ ಒಂದೊಂದನ್ನೇ ನಿಲ್ಲಿಸಿ ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ಮೊಬೈಲಿನ ಶಬ್ದಮಾಪಕ ಆ್ಯಪ್ ತುಂಬ ನಿಖರವಲ್ಲದಿದ್ದರೂ ಯಾವುದನ್ನು ನಿಲ್ಲಿಸಿದಾಗ ಅಂಕಿ ಇಳಿಯಿತು ಎಂದು ಹೋಲಿಸಲು ಸಾಕು.

ಕುರ್ಚಿಗಳು ವೃತ್ತಾಕಾರದಲ್ಲಿರಲಿ, ಒಂದೇ ಸುತ್ತು. ಹನ್ನೆರಡು ಜನರಿಗೆ ತಲಾ 80 ಸೆಂಟಿಮೀಟರ್ ಎಂದರೂ ಸುತ್ತಳತೆ 9.6 ಮೀಟರ್, ಅಂದರೆ ವ್ಯಾಸ ಸುಮಾರು 3 ಮೀಟರ್. ಎದುರುಬದುರು ಕೂತವರ ನಡುವೆ ಅದೇ ಗರಿಷ್ಠ ದೂರ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಇಳಿತ ಅಷ್ಟಿಲ್ಲದಿದ್ದರೂ ಆ ಕೊರತೆಯನ್ನು ತುಂಬುವುದು ಪ್ರತಿಧ್ವನಿ, ಅದರಿಂದ ಸ್ಪಷ್ಟತೆ ಹೋಗುತ್ತದೆ. ಇಪ್ಪತ್ತು ಜನ ಬಂದರೆ ಎರಡು ವೃತ್ತ ಮಾಡಿ, ಬೇರೆ ಬೇರೆ ಕೋಣೆಯಲ್ಲಿ. ಗಾಲಿಕುರ್ಚಿಗೆ 90 ಸೆಂಟಿಮೀಟರ್ ಜಾಗ, ತಿರುಗಲು ಅದರ ಹಿಂದೆ ಒಂದೂವರೆ ಮೀಟರ್ ಖಾಲಿ ಬಿಡಬೇಕು. ಕೈಯಿರುವ, ಸೀಟು 45ರಿಂದ 48 ಸೆಂಟಿಮೀಟರ್ ಎತ್ತರದ ಕುರ್ಚಿಗಳೇ ಬೇಕು. ಆಳದ ಸೋಫಾದಲ್ಲಿ ಕೂತವರಿಗೆ ಏಳುವುದೇ ಒಂದು ಕಾರ್ಯಕ್ರಮ. ಒಂದು ಕಿವಿ ಚೆನ್ನಾಗಿರುವವರನ್ನು ಆ ಕಿವಿ ಗುಂಪಿನ ಕಡೆ ಬರುವಂತೆ ಕೂರಿಸಿ. ಕಿಟಕಿಗೆ ಬೆನ್ನು ಹಾಕಿ ಯಾರೂ ಕೂರಬಾರದು, ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಅಕ್ಷಿಪಟಲ ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ; ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಹಂಚುವ ಕಾಗದದ ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದಿರಬಾರದು, ಮಿನುಗುವ ಕಾಗದವೂ ಬೇಡ.

ಮೈಕ್ ವಿಚಾರದಲ್ಲಿ ನಾನು ಸರ್ವಾಧಿಕಾರಿಯ ಪಕ್ಷ. "ನನಗೆ ಮೈಕ್ ಬೇಡ, ನನ್ನ ದನಿ ದೊಡ್ಡದು" ಎನ್ನುವವರು ಪ್ರತಿ ಕೂಟದಲ್ಲೂ ಒಬ್ಬರಿರುತ್ತಾರೆ. ಮೈಕ್ ಬೇಕಾಗಿರುವುದು ಅವರಿಗಲ್ಲ, ಕೇಳುವವರಿಗೆ. ಕೈಯಲ್ಲಿ ಮೈಕ್ ಇಲ್ಲದವರು ಮಾತಾಡುವಂತಿಲ್ಲ ಎಂಬ ಒಂದೇ ನಿಯಮ ಎರಡು ಕೆಲಸ ಮಾಡುತ್ತದೆ: ದನಿ ಏರುತ್ತದೆ, ನಡುವೆ ಬಾಯಿ ಹಾಕುವುದು ನಿಲ್ಲುತ್ತದೆ. ಗದ್ದದ ಕೆಳಗೆ 5ರಿಂದ 10 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು, ತುಟಿ ಮರೆಯಾಗಬಾರದು. ಪಾರ್ಕಿನ್ಸನ್ ಇರುವವರ ದನಿ ಸಣ್ಣಗಾಗಿರುತ್ತದೆ, ಆದರೆ ಅವರಿಗೆ ತಾವು ಸಾಕಷ್ಟು ಜೋರಾಗಿಯೇ ಮಾತಾಡುತ್ತಿದ್ದೇವೆ ಅನ್ನಿಸುತ್ತಿರುತ್ತದೆ. ಅವರಿಗೆ ಕಾಲರ್‌ಗೆ ಸಿಕ್ಕಿಸುವ ಮೈಕ್ ಒಳ್ಳೆಯದು. ಕೋಣೆಗೆ ಇಂಡಕ್ಷನ್ ಲೂಪ್ (ಮೈಕಿನ ದನಿಯನ್ನು ಕಾಂತಕ್ಷೇತ್ರವಾಗಿ ಹರಡುವ ತಂತಿಯ ಸುತ್ತು) ಹಾಕಿಸಿದ್ದರೆ ಶ್ರವಣ ಸಾಧನವನ್ನು 'ಟಿ' ಸ್ಥಾನಕ್ಕೆ ತಿರುಗಿಸಿದವರಿಗೆ ಮೈಕಿನ ದನಿ ನೇರ ಕಿವಿಗೆ ಬರುತ್ತದೆ. ಆದರೆ ಎಲ್ಲ ಹೊಸ ಸಾಧನಗಳಲ್ಲೂ ಅದನ್ನು ಹಿಡಿಯುವ ಸುರುಳಿ ಇರುವುದಿಲ್ಲ, ಮೊದಲೇ ವಿಚಾರಿಸಿ.

ಹೊತ್ತು ಬೆಳಗಿನ ಹತ್ತರ ಆಸುಪಾಸು ಇರಲಿ. ಊಟವಾದ ಮೇಲಿನ ಎರಡು ಗಂಟೆಯೊಳಗೆ ಹಲವು ವೃದ್ಧರ ರಕ್ತದೊತ್ತಡ ಇಳಿಯುತ್ತದೆ. ಮೇಲಿನ ಅಂಕಿ 20 ಇಳಿದರೂ ಆಶ್ಚರ್ಯವಿಲ್ಲ. ಆಗ ತೂಕಡಿಸಿದವರನ್ನು ನಿರಾಸಕ್ತರೆಂದು ತಿಳಿಯುವುದು ಅನ್ಯಾಯ. ಇದೇ ಕಾರಣಕ್ಕೆ ಎದ್ದು ನಿಂತು ಮಾತಾಡುವ ಶಿಷ್ಟಾಚಾರವನ್ನು ಕೈಬಿಡಿ. ಕೂತಲ್ಲಿಂದ ಥಟ್ಟನೆ ಎದ್ದಾಗ ಮೂರು ನಿಮಿಷದೊಳಗೆ ಒತ್ತಡ ಕುಸಿದು ತಲೆಸುತ್ತುವ ತೊಂದರೆ ಈ ವಯಸ್ಸಿನಲ್ಲಿ ಸಾಮಾನ್ಯ. 45 ನಿಮಿಷ ಚರ್ಚೆ, ಹತ್ತು ನಿಮಿಷ ವಿರಾಮ, ಮತ್ತೆ ಅರ್ಧ ಗಂಟೆ: ಇದಕ್ಕಿಂತ ಹೆಚ್ಚು ಎಳೆಯಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಗ್ಗೆ ನುಂಗಿ ಬಂದವರಿಗೆ ವಿರಾಮ ಯಾವಾಗ ಎಂದು ಮೊದಲೇ ಗೊತ್ತಿದ್ದರೆ ಬಾಗಿಲ ಬಳಿಯ ಕುರ್ಚಿಗಾಗಿ ಪೈಪೋಟಿ ಇರುವುದಿಲ್ಲ.

ಇನ್ನು ಜನ. ದೊಡ್ಡ ಸವಾಲು ನಿವೃತ್ತ ಪರಿಣತರದು. ವೈದ್ಯರು, ಪ್ರಾಧ್ಯಾಪಕರು, ಹಿರಿಯ ಅಧಿಕಾರಿಗಳಾಗಿದ್ದವರು ಬಾಯಿ ತೆರೆದೊಡನೆ ಉಳಿದವರು ವಿದ್ಯಾರ್ಥಿಗಳಾಗಿಬಿಡುತ್ತಾರೆ, ಚರ್ಚೆ ಉಪನ್ಯಾಸವಾಗುತ್ತದೆ. ಅವರನ್ನು ಸುಮ್ಮನಾಗಿಸುವುದು ತಪ್ಪು. ಕೊನೆಯ ಸರದಿ ಕೊಡುವುದು ಸರಿ. ಎಲ್ಲರೂ ಎರಡೆರಡು ನಿಮಿಷ ಮಾತಾಡಿದ ಮೇಲೆ "ಇದರಲ್ಲಿ ಯಾವ ಸಂಗತಿ ತಪ್ಪಾಗಿ ಬಂತು?" ಎಂದು ಅವರನ್ನು ಕೇಳಿದರೆ ಅವರ ವಿದ್ಯೆಯೂ ಬಳಕೆಯಾಗುತ್ತದೆ, ಉಳಿದವರ ಬಾಯಿಯೂ ಕಟ್ಟುವುದಿಲ್ಲ. ನಿರ್ವಾಹಕರು ವಾರಕ್ಕೊಬ್ಬರಂತೆ ಬದಲಾಗಲಿ. ಸಮುಚ್ಚಯದ ಆಡಳಿತದವರು ಆ ಸ್ಥಾನದಲ್ಲಿ ಕೂರದಿರುವುದೇ ಲೇಸು. ಅವರಿದ್ದರೆ ಕೆಲವರು ಬಾಯಿ ಮುಚ್ಚುತ್ತಾರೆ, ಇನ್ನು ಕೆಲವರು ದೇಶದ ಬಜೆಟ್ಟಿನ ಚರ್ಚೆಯಲ್ಲಿ ಲಿಫ್ಟಿನ ದೂರು ತೆಗೆಯುತ್ತಾರೆ.

ರಾಜಕೀಯದ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿ ಒಂದೇ: ಇಲ್ಲಿ ವಾದಿಸಿದವರು ರಾತ್ರಿ ಅದೇ ಊಟದ ಮನೆಯಲ್ಲಿ ಎದುರಾಗುತ್ತಾರೆ. ಹೊರಗಿನ ಸಭೆಯಲ್ಲಿ ಜಗಳವಾಡಿದರೆ ಮನೆಗೆ ಹೋಗಬಹುದು. ಇಲ್ಲಿ ಮನೆಯೇ ಸಭೆ. ಇದಕ್ಕೆ 1927ರಲ್ಲಿ ಲಂಡನ್ನಿನ ಚಾಟಮ್ ಹೌಸ್ ಎಂಬ ಅಂತರರಾಷ್ಟ್ರೀಯ ವ್ಯವಹಾರಗಳ ಅಧ್ಯಯನ ಸಂಸ್ಥೆ ರೂಪಿಸಿದ ನಿಯಮ ಹೇಳಿಮಾಡಿಸಿದಂತಿದೆ. ಸಭೆಯಲ್ಲಿ ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಯಾರು ಹೇಳಿದರೆಂದು ಮಾತ್ರ ಹೇಳುವಂತಿಲ್ಲ. ಪ್ರತಿ ಕೂಟದ ಆರಂಭದಲ್ಲಿ ಇದನ್ನು ಓದಿ ಹೇಳಬೇಕು, ಒಮ್ಮೆ ಹೇಳಿದರೆ ಸಾಲದು.

ವ್ಯಕ್ತಿಗಳ ಬಗ್ಗೆ ಪ್ರಶ್ನೆ ಇಟ್ಟರೆ ಚರ್ಚೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕಹಿ ಹತ್ತು ದಿನ ಉಳಿಯುತ್ತದೆ. 'ಯಾವ ನಾಯಕ ಒಳ್ಳೆಯವರು' ಎನ್ನುವ ಬದಲು 'ಯಾವುದನ್ನು ಮಾಡಬೇಕು, ಅದರ ಖರ್ಚು ಯಾರ ತಲೆಯ ಮೇಲೆ' ಎಂದು ಕೇಳಿ. ಪಿಂಚಣಿಯನ್ನೇ ತೆಗೆದುಕೊಳ್ಳಿ, ಎಲ್ಲರಿಗೂ ಹತ್ತಿರದ ವಿಷಯ. ಇಂದು ದುಡಿಯುವವರ ವಂತಿಗೆಯಿಂದ ಇಂದಿನ ನಿವೃತ್ತರಿಗೆ ಕೊಡುವ ಪದ್ಧತಿಯಲ್ಲಿ ಲೆಕ್ಕ ಸರಳ. ಒಬ್ಬ ನಿವೃತ್ತರಿಗೆ ನಾಲ್ವರು ದುಡಿಯುವವರಿದ್ದು ತಲಾ ಶೇ. 10 ಸಂಬಳ ಕೊಟ್ಟರೆ ಸರಾಸರಿ ಸಂಬಳದ ಶೇ. 40ರಷ್ಟು ಪಿಂಚಣಿ ಸಿಗುತ್ತದೆ. ದುಡಿಯುವವರು ಇಬ್ಬರಿಗೆ ಇಳಿದರೆ ವಂತಿಗೆ ಶೇ. 20 ಆಗಬೇಕು, ಇಲ್ಲವೇ ಪಿಂಚಣಿ ಶೇ. 20ಕ್ಕೆ ಇಳಿಯಬೇಕು, ಇಲ್ಲವೇ ನಿವೃತ್ತಿಯ ವಯಸ್ಸು ಏರಿ ಆ ಅನುಪಾತವೇ ಬದಲಾಗಬೇಕು. ಸರ್ಕಾರ ಬೊಕ್ಕಸದಿಂದ ತುಂಬಿಕೊಡಲಿ ಎಂದರೆ ಅದೂ ತೆರಿಗೆ ಅಥವಾ ಸಾಲವೇ, ಹೊರುವ ಹೆಗಲು ಬೇರೆ ಅಷ್ಟೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಿಟ್ಟು "ನಿಮ್ಮ ಆಯ್ಕೆ ಯಾವುದು, ಯಾಕೆ" ಎಂದು ಕೇಳಿದಾಗ ಪಕ್ಷದ ಬಾವುಟಗಳು ತಾವಾಗಿಯೇ ಕೆಳಗಿಳಿಯುತ್ತವೆ. ಅಂದಹಾಗೆ, ಜರ್ಮನಿಯ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ 65 ವರ್ಷಕ್ಕೆ ಪಿಂಚಣಿ ತಂದ ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಜರ್ಮನಿಯ 1889ರ ಕಾನೂನಿನಲ್ಲಿದ್ದ ವಯಸ್ಸು 70; ಅದು 65ಕ್ಕೆ ಇಳಿದದ್ದು 1916ರಲ್ಲಿ, ಬಿಸ್ಮಾರ್ಕ್ ಸತ್ತು ಎಷ್ಟೋ ವರ್ಷದ ಮೇಲೆ.

ಕೈ ಎತ್ತಿಸಿ ಮತ ಎಣಿಸಬೇಡಿ. ಮಡಚಿದ ಚೀಟಿಯಲ್ಲಿ ಎರಡು ಉತ್ತರ ಸಾಕು: ಹೌದು ಅಥವಾ ಇಲ್ಲ, ಮತ್ತು ಸೊನ್ನೆಯಿಂದ ಹತ್ತರವರೆಗೆ ಎಷ್ಟು ಖಾತ್ರಿ. ಚರ್ಚೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ನಿಲುವು ಬದಲಾಗುವುದು ಅಪರೂಪ. ಖಾತ್ರಿಯ ಅಂಕಿ ಒಂಬತ್ತರಿಂದ ಏಳಕ್ಕೆ ಇಳಿದರೆ ಚರ್ಚೆ ನಡೆದಿದೆ ಎಂದು ತಿಳಿಯಿರಿ. ಇನ್ನೊಂದು ಒಳ್ಳೆಯ ಕಟ್ಟಳೆ, ಎದುರಾಳಿಯ ವಾದವನ್ನು ಅವರು "ಹೌದು, ನಾನು ಹೇಳಿದ್ದು ಅದೇ" ಎಂದು ಒಪ್ಪುವಂತೆ ಹೇಳಿ ತೋರಿಸಿದ ಮೇಲಷ್ಟೇ ಖಂಡಿಸುವುದು. ತಪ್ಪಾಗಿ ಕೇಳಿಸಿಕೊಂಡದ್ದು ಅಲ್ಲೇ ಬಯಲಾಗುತ್ತದೆ.

ಆರೋಗ್ಯದ ಚರ್ಚೆಗೆ ಬೇರೆಯೇ ಕಾವಲು ಬೇಕು, ಯಾಕೆಂದರೆ ಇಲ್ಲಿ ಆಡಿದ ಮಾತು ಸಂಜೆಯೊಳಗೆ ಮಾತ್ರೆಯ ಡಬ್ಬಿ ತಲುಪುತ್ತದೆ. ಯಾರದೇ ಔಷಧ ಚೀಟಿ ಕೂಟದಲ್ಲಿ ತೆರೆಯಬಾರದು. ನಿವೃತ್ತ ವೈದ್ಯರಿದ್ದರೂ ಅಷ್ಟೇ. ರೋಗಿಯ ಮೂತ್ರಪಿಂಡ ಹೇಗಿದೆ, ಬೇರೆ ಏನೇನು ನುಂಗುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಬಿಪಿಗೆ ಎಸಿಇ ಪ್ರತಿಬಂಧಕ ಎಂಬ ಗುಂಪಿನ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ "ಮಂಡಿನೋವಿಗೆ ನನ್ನದೊಂದು ಐಬುಪ್ರೊಫೆನ್ ನುಂಗಿ" ಎಂದು ಪಕ್ಕದವರು ಕೊಟ್ಟರೆ ಮೂರೂ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಕೂಟ ಮಾಡಬಹುದಾದದ್ದು ವೈದ್ಯರ ಮುಂದಿಡುವ ಪ್ರಶ್ನೆಯನ್ನು ಚೆನ್ನಾಗಿ ಬರೆದುಕೊಳ್ಳಲು ಒಬ್ಬರಿಗೊಬ್ಬರು ನೆರವಾಗುವುದು.

ಸುದ್ದಿಯಲ್ಲಿ ಬರುವ ಶೇಕಡಾವಾರನ್ನು ಸಾವಿರ ಜನರ ಲೆಕ್ಕಕ್ಕೆ ತಿರುಗಿಸುವುದನ್ನು ಕಲಿತರೆ ಆರೋಗ್ಯದ ಅರ್ಧ ಗದ್ದಲ ಇಳಿಯುತ್ತದೆ. 2015ರ ಸ್ಪ್ರಿಂಟ್ ಅಧ್ಯಯನ ಒಳ್ಳೆಯ ಪಾಠ. ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕಿಂತ ಕೆಳಗೆ ಇಳಿಸುವ ಗುರಿ ಇಟ್ಟರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ. 25ರಷ್ಟು ಕಡಿಮೆಯಾದವು. ಅದನ್ನೇ ಹೀಗೆ ಹೇಳಿ: ವರ್ಷಕ್ಕೆ ಶೇ. 2.19 ಇದ್ದದ್ದು ಶೇ. 1.65ಕ್ಕೆ ಇಳಿಯಿತು, ಅಂದರೆ ಸಾವಿರ ಜನರಲ್ಲಿ ಸುಮಾರು 22 ಇದ್ದದ್ದು 17ರ ಹತ್ತಿರ ಬಂತು. ಎರಡೂ ನಿಜ. ಲಾಭ ಸಣ್ಣದೂ ಅಲ್ಲ, ಪವಾಡವೂ ಅಲ್ಲ. ಬದಲಿಗೆ ತೆತ್ತದ್ದು ಏನು ಎಂದೂ ಕೇಳಬೇಕು: ಒತ್ತಡ ತೀರಾ ಇಳಿಯುವುದು, ಎಚ್ಚರ ತಪ್ಪುವುದು, ಮೂತ್ರಪಿಂಡಕ್ಕೆ ಹಠಾತ್ ಹಾನಿ ಆ ಗುಂಪಿನಲ್ಲಿ ಹೆಚ್ಚಿದ್ದವು. ಯಾರ ಮೇಲೆ ಪ್ರಯೋಗ ನಡೆಯಿತು ಎಂಬುದು ಮೂರನೆಯ ಪ್ರಶ್ನೆ: ಸಕ್ಕರೆ ಕಾಯಿಲೆಯವರನ್ನೂ ಹಿಂದೆ ಪಾರ್ಶ್ವವಾಯು ಆಗಿದ್ದವರನ್ನೂ ಸೇರಿಸಿಕೊಂಡಿರಲಿಲ್ಲ. ಕೂಟದಲ್ಲಿ ಅವರೇ ಅರ್ಧ ಜನ ಇರಬಹುದು.

ಆಸ್ಪಿರಿನ್ನಿನ ಕಥೆ ಇದಕ್ಕಿಂತ ಚುರುಕು. ಹೃದಯಕ್ಕೆ ಒಳ್ಳೆಯದೆಂದು ದಿನಾ ಒಂದು ಸಣ್ಣ ಆಸ್ಪಿರಿನ್ ನುಂಗುವ ಹಿರಿಯರು ಎಲ್ಲೆಡೆ ಇದ್ದಾರೆ. ಆಸ್ಟ್ರೇಲಿಯ ಮತ್ತು ಅಮೆರಿಕದಲ್ಲಿ ಹೃದ್ರೋಗವಿಲ್ಲದ 19,114 ಹಿರಿಯರ ಮೇಲೆ, ಬಹುಪಾಲು 70 ದಾಟಿದವರ ಮೇಲೆ, ನಡೆದ ಆಸ್ಪ್ರೀ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೆ 100 ಮಿಲಿಗ್ರಾಂ ನುಂಗಿದವರು ಅಂಗವೈಕಲ್ಯವಿಲ್ಲದೆ ಬದುಕಿದ ಅವಧಿ ಹೆಚ್ಚಲಿಲ್ಲ. ತೀವ್ರ ರಕ್ತಸ್ರಾವ ಮಾತ್ರ ಶೇ. 2.8 ಇದ್ದದ್ದು ಶೇ. 3.8 ಆಯಿತು: ಸಾವಿರಕ್ಕೆ ಹತ್ತು ಜನ ಹೆಚ್ಚು. ಇದನ್ನು ಹೇಳಿದ ಉಸಿರಲ್ಲೇ ಇನ್ನೊಂದನ್ನೂ ಹೇಳದಿದ್ದರೆ ಅನಾಹುತವಾದೀತು. ಈಗಾಗಲೇ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅವರು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಅಪಾಯ.

ಬಿಪಿ ಅಳೆಯುವುದನ್ನೇ ಒಂದು ದಿನದ ವಿಷಯ ಮಾಡಬಹುದು. ಮೂತ್ರ ವಿಸರ್ಜನೆ ಮುಗಿಸಿ, ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲದೆ, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ. ಪಟ್ಟಿ ಬರಿಯ ತೋಳಿಗೆ, ಅಂಗಿಯ ಮೇಲಲ್ಲ. ಒಂದು ನಿಮಿಷ ಬಿಟ್ಟು ಎರಡು ಸಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಏರುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಬೇಕು. ಅಳೆಯುವಾಗ ಮಾತಾಡಿದರೂ ಏರುತ್ತದೆ. ಚರ್ಚಾಕೂಟದಲ್ಲಿ ಇದನ್ನು ತೋರಿಸಿಕೊಡುವುದು ಬಹಳ ಸುಲಭ.

ಫಾರ್ವರ್ಡ್ ಆಗಿ ಬರುವ ವೀಡಿಯೊಗಳ ವಿಚಾರದಲ್ಲಿ ಒಂದು ಎಚ್ಚರ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ ಎಂದು 1977ರಲ್ಲೇ ಮನೋವಿಜ್ಞಾನಿಗಳು ತೋರಿಸಿದ್ದಾರೆ. ವಯಸ್ಸಾದಂತೆ ಮಾತು ನೆನಪಿರುತ್ತದೆ, ಎಲ್ಲಿ ಕೇಳಿದ್ದು ಎಂಬುದು ಮರೆಯುತ್ತದೆ. ಹಾಗಾಗಿ ಸುಳ್ಳನ್ನು ಐದು ಸಲ ಹೇಳಿ ಐದು ಸಲ "ಇದು ಸುಳ್ಳು" ಎಂದರೆ, ವಾರದ ನಂತರ ತಲೆಯಲ್ಲಿ ಉಳಿಯುವುದು ಸುಳ್ಳು ಮಾತ್ರವೇ ಆಗಿಬಿಡಬಹುದು. ನಿಜವನ್ನು ಮೊದಲು ಹೇಳಿ, ಸುಳ್ಳನ್ನು ಒಮ್ಮೆ ಮಾತ್ರ ಉಲ್ಲೇಖಿಸಿ, ಅದು ಯಾಕೆ ಸುಳ್ಳು ಎಂದು ವಿವರಿಸಿ, ಮತ್ತೆ ನಿಜಕ್ಕೇ ಬಂದು ನಿಲ್ಲಿ. ಬೋರ್ಡಿನ ಮೇಲೆ ಬರೆಯುವುದಾದರೆ ನಿಜವನ್ನಷ್ಟೇ ಬರೆಯಿರಿ.

ವಿಜ್ಞಾನದಲ್ಲಿ ಹಿರಿಯರಿಗೆ ಕಿರಿಯರಿಗಿಲ್ಲದ ಒಂದು ಆಸ್ತಿಯಿದೆ. ಪಠ್ಯಪುಸ್ತಕ ಬದಲಾಗಿದ್ದನ್ನು ಅವರು ಬದುಕಿರುವಾಗಲೇ ಕಂಡಿದ್ದಾರೆ. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆ ಎಂಬ ನಂಬಿಕೆ ದಶಕಗಳ ಕಾಲ ನಡೆದು, 46 ಎಂದು ತಿದ್ದುಪಡಿಯಾದದ್ದು 1956ರಲ್ಲಿ. ಖಂಡಗಳು ಚಲಿಸುತ್ತವೆ ಎಂದು ಜರ್ಮನ್ ವಿಜ್ಞಾನಿ ವೆಗೆನರ್ 1912ರಲ್ಲಿ ಹೇಳಿದರೂ ಭೂವಿಜ್ಞಾನಿಗಳು ಒಪ್ಪಿದ್ದು 1960ರ ದಶಕದಲ್ಲಿ. ಜಠರದ ಹುಣ್ಣಿಗೆ ಚಿಂತೆ, ಆಮ್ಲಗಳೇ ಕಾರಣ ಎಂದು ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯದ ವೈದ್ಯ ಬ್ಯಾರಿ ಮಾರ್ಷಲ್, ಕಾರಣ ಬ್ಯಾಕ್ಟೀರಿಯಾ ಎಂದು ತೋರಿಸಲು, 1984ರಲ್ಲಿ ಅದನ್ನು ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಸಹೋದ್ಯೋಗಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂದದ್ದು 2005ರಲ್ಲಿ. "ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ" ಎಂಬ ಗೊಣಗಾಟಕ್ಕೆ ಇವೇ ಉತ್ತರ: ಯಾವ ಸಾಕ್ಷ್ಯ ಬಂದಾಗ, ಎಷ್ಟು ಪ್ರತಿರೋಧದ ನಂತರ ಮಾತು ಬದಲಾಯಿತು ಎಂದು ಒಂದೊಂದನ್ನೇ ಬಿಡಿಸಿ ನೋಡಬಹುದು. 'ಏನು ನಡೆಯುತ್ತಿದೆ' ಎಂಬ ಪ್ರಶ್ನೆಯನ್ನೂ 'ಏನು ಮಾಡಬೇಕು' ಎಂಬ ಪ್ರಶ್ನೆಯನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳುವುದು ಜಾಣತನ. ಓಝೋನ್ ಪದರ ಕರಗುತ್ತಿದೆಯೇ ಎಂಬುದು ವಿಜ್ಞಾನ. ಅದಕ್ಕಾಗಿ ಕಾರ್ಖಾನೆಗಳನ್ನು ಕಟ್ಟುಪಾಡಿಗೆ ಒಳಪಡಿಸಬೇಕೇ ಎಂಬುದು ರಾಜಕೀಯ. 1974ರಲ್ಲಿ ರಸಾಯನವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದಕ್ಕೂ ಓಝೋನ್ ಕರಗಿಸುವ ರಾಸಾಯನಿಕಗಳಿಗೆ ಕಡಿವಾಣ ಹಾಕಿದ 1987ರ ಮಾಂಟ್ರಿಯಲ್ ಒಪ್ಪಂದಕ್ಕೂ ನಡುವಿನ 13 ವರ್ಷ ಈ ಎರಡನೆಯ ಪ್ರಶ್ನೆಗೂ ಖರ್ಚಾಯಿತು.

ಕೈಯಾರೆ ಮಾಡುವ ಪ್ರಯೋಗ ಒಂದಾದರೂ ಇರಲಿ. ನನ್ನ ಆಯ್ಕೆ ಕಣ್ಣಿನ ಕುರುಡುಚುಕ್ಕೆ. ಬಿಳಿ ರಟ್ಟಿನ ಮೇಲೆ ಎಡಕ್ಕೆ ಒಂದು ಕೂಡುಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೆ 1 ಸೆಂಟಿಮೀಟರ್ ಅಗಲದ ಕಪ್ಪು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ರಟ್ಟನ್ನು ತೋಳಿನಳತೆಯಿಂದ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಆಗದಿದ್ದರೆ ಮುಕ್ಕಾಲು ಪಾಲು ಕಾರಣ ನೋಟ ಚುಕ್ಕೆಯ ಕಡೆ ಜಾರುವುದು. ಇಲ್ಲವೇ ರಟ್ಟು ಓರೆಯಾಗಿರುತ್ತದೆ. ಅಕ್ಷಿಪಟಲದ ನಡುಭಾಗ ಸವೆದವರಿಗೆ ಚಿಹ್ನೆಯೇ ನೆಟ್ಟಗೆ ಕಾಣದು, ಅವರನ್ನು ಒತ್ತಾಯಿಸಬೇಡಿ. ಚುಕ್ಕೆ ಹೋದ ಜಾಗದಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ರಟ್ಟೇ ಕಾಣುತ್ತದೆ ಎಂಬುದನ್ನು ಗಮನಿಸಲು ಹೇಳಿ. ಮಿದುಳು ಖಾಲಿಯನ್ನು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಕಣ್ಣಿನ ನರ ಸವೆಯುವ ಗ್ಲಾಕೋಮಾ ಕಾಯಿಲೆಯಲ್ಲಿ ಅಂಚಿನ ನೋಟ ಕಳೆದುಹೋದರೂ ಬಹಳ ಕಾಲ ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ. "ನನಗೆ ಚೆನ್ನಾಗಿಯೇ ಕಾಣುತ್ತಿದೆ, ತಪಾಸಣೆ ಯಾಕೆ?" ಎನ್ನುವವರಿಗೆ ಭಾಷಣಕ್ಕಿಂತ ಈ ರಟ್ಟು ಬೇಗ ಮನವರಿಕೆ ಮಾಡುತ್ತದೆ.

ಮರೆವು ಶುರುವಾದವರೂ ಕೂಟಕ್ಕೆ ಬರುತ್ತಾರೆ, ಬರಬೇಕು. ಅಂದಿನ ಪ್ರಶ್ನೆಯನ್ನು ದೊಡ್ಡ ಅಕ್ಷರದ ಕಾರ್ಡಿನಲ್ಲಿ ಬರೆದು ಪ್ರತಿಯೊಬ್ಬರ ಮಡಿಲಲ್ಲೂ ಇಡಿ, ಅವರೊಬ್ಬರಿಗೇ ಕೊಡಬೇಡಿ. ಮಾತು ಹುಡುಕುತ್ತಿರುವವರಿಗೆ ಏಳೆಂಟು ಸೆಕೆಂಡ್ ಕಾಯಿರಿ, ಅವರ ಪರವಾಗಿ ವಾಕ್ಯ ಮುಗಿಸಬೇಡಿ. ಕೇಳಿದ್ದನ್ನೇ ಮತ್ತೆ ಕೇಳಿದರೆ "ಆಗಲೇ ಹೇಳಿದೆವಲ್ಲ" ಎನ್ನದೆ ಅದೇ ಉತ್ತರವನ್ನು ಚಿಕ್ಕದಾಗಿ ಕೊಟ್ಟು ಮೈಕನ್ನು ಮುಂದಿನವರಿಗೆ ದಾಟಿಸಿ.